ನೆನಪು ಹೆಣ್ಣು, ಪ್ರಬಂಧ ಗಂಡು

ಅಕ್ಕನ ಮಗಳು ಓದುವುದಕ್ಕೆ ಪ್ಯಾರಿಸ್ಸಿಗೆ ಹೋದ ಸುದ್ದಿಯನ್ನು ಚಳ್ಳಕೆರೆಯ ಹಿಂಡಿ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ನಾನು ಮಾಡಿದ ತಪ್ಪು. "ಡಾಕ್ಟ್ರಾ, ಇಂಜಿನಿಯರಾ?" ಎಂದರು. ಎರಡೂ ಅಲ್ಲ ಎಂದೆ. "ಮತ್ತೆ?" ಸಾಹಿತ್ಯ, ಸಮಾಜ, ಹೆಣ್ಣು-ಗಂಡು, ನೆನಪು ಇವನ್ನೆಲ್ಲ ಕಲಸಿ ಏನೋ ಓದುತ್ತಾಳಪ್ಪ ಎಂದೆ. ಅಂಗಡಿಯವರು ತಕ್ಕಡಿಯಲ್ಲಿ ಶೇಂಗಾ ಹಿಂಡಿ ತೂಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮೇಷ್ಟ್ರೇ, ಇದಕ್ಕೆ ಅಲ್ಲೀಗಂಟ ಯಾಕ್ ಹೋಗ್ಬೇಕು? ನಮ್ಮನೆ ಜಗಲಿ ಮೇಲೆ ಸಂಜಿ ಹೊತ್ತು ಕೂತ್ರೆ ನಾಕೂ ಸಬ್ಜೆಕ್ಟು ಪುಕ್ಕಟೆ ಆಗ್ತಾವೆ."

ನಾನು ನಕ್ಕು ಹಿಂಡಿ ಹೊತ್ತು ಬಂದೆ. ನಮ್ಮೂರಿನಲ್ಲಿ ಎಮ್ಮೆಗೆ ಹಿಂಡಿ ಬೇಕೇ ಹೊರತು ಸಿದ್ಧಾಂತ ಬೇಕಿಲ್ಲ.

ಒಂದು ತಿಂಗಳ ಮೇಲೆ ರಾತ್ರಿ ಊಟದ ಹೊತ್ತಿಗೆ ಅವಳ ಫೋನು. "ಮಾವ, ನನ್ನ ಮೆಮ್ವಾರ್‌ಗೆ ಅಜ್ಜಿಯ ದನ ಕಾಯೋ ಹಾಡು ಬೇಕು. ರೆಕಾರ್ಡ್ ಮಾಡಿ ಕಳಿಸ್ತೀಯಾ?" ಮೆಮ್ವಾರ್ ಎಂದರೇನು ಎಂದು ಕೇಳಿದೆ. ಎಂ.ಎ. ಮುಗಿಸುವಾಗ ಬರೆದು ಒಪ್ಪಿಸುವ ಪ್ರಬಂಧಕ್ಕೆ ಆ ಹೆಸರಂತೆ. "ನೆನಪಿಗೂ ಅದೇ ಪದ ಮಾವ. ಕಾಗುಣಿತ ಒಂದೇ, ಉಚ್ಚಾರಣೆ ಒಂದೇ. ಲಿಂಗ ಮಾತ್ರ ಬೇರೆ. 'ಲಾ ಮೆಮ್ವಾರ್' ಅಂದ್ರೆ ಸ್ತ್ರೀಲಿಂಗ, ನೆನಪು. 'ಲೆ ಮೆಮ್ವಾರ್' ಅಂದ್ರೆ ಪುಲ್ಲಿಂಗ, ಪ್ರಬಂಧ." ಅಷ್ಟೇ ಅಲ್ಲ, ಅಧಿಕಾರಿಗಳಿಗೆ ಕೊಡುವ ಮನವಿ ಪತ್ರವೂ, ಕೋರ್ಟಿಗೆ ಹಾಕುವ ಲಿಖಿತ ಹೇಳಿಕೆಯೂ ಪುಲ್ಲಿಂಗವೇ. ತಲೆಯಲ್ಲಿ ಇದ್ದರೆ ಹೆಣ್ಣು, ಕಾಗದಕ್ಕೆ ಇಳಿದರೆ ಗಂಡು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲಿಂಗ, ವಚನ, ವಿಭಕ್ತಿ ಕಲಿಸಿದವನು ನಾನು. ನಿದ್ದೆಯಲ್ಲೂ ಹೇಳಬಲ್ಲೆ, ಹೇಳುತ್ತೇನೆ ಕೂಡ ಅಂತ ಮನೆಯವಳ ದೂರು. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಮಾರನೆಯ ದಿನವೇ ಅವಳಿಂದ ಫ್ರೆಂಚ್ ಪಾಠ ಶುರು ಮಾಡಿಸಿಕೊಂಡೆ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಸೂರ್ಯ ಗಂಡು, ಚಂದ್ರ ಹೆಣ್ಣು. ನಮ್ಮ ಚಂದಮಾಮ ಆ ದೇಶದ ಗಡಿ ದಾಟಿದರೆ ಚಂದತ್ತೆ. ಅದೂ ಹೋಗಲಿ, ಗಡ್ಡ ಮೀಸೆ ಎರಡೂ ಸ್ತ್ರೀಲಿಂಗ! ಸ್ತ್ರೀವಾದ ಎಂಬ ಪದ ಪುಲ್ಲಿಂಗ! ಇದನ್ನು ಕೇಳಿ ನಲವತ್ತು ವರ್ಷದಿಂದ ಸಾಕಿಕೊಂಡ ನನ್ನ ಮೀಸೆಯನ್ನು ಕನ್ನಡಿಯಲ್ಲಿ ಒಂದು ಸಲ ಅನುಮಾನದಿಂದ ನೋಡಿಕೊಂಡೆ.

ಉಚ್ಚಾರಣೆಯ ಕಥೆ ಬೇರೆ. ನಾವು ಬರೆದದ್ದನ್ನೆಲ್ಲ ಓದುವ ಜನ. 'ಉಳ್ಳಾರ್ತಿ' ಎಂದು ಬರೆದರೆ ಉಳ್ಳಾರ್ತಿ ಎಂದೇ ಓದುತ್ತೇವೆ, ಅರ್ಕಾವೊತ್ತಿಗೂ ಮರ್ಯಾದೆ ಕೊಡುತ್ತೇವೆ. ಫ್ರೆಂಚರು ಮಾತ್ರ ಜಾತ್ರೆಗೆ ಹೋದ ದೊಡ್ಡ ಸಂಸಾರದ ಹಾಗೆ ಇಷ್ಟುದ್ದ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ ಕೊನೆಯ ಮೂವರನ್ನು ಮನೆಗೆ ಕರೆತರುವುದಿಲ್ಲ. ಹಕ್ಕಿಗಳು ಎಂಬುದಕ್ಕೆ ಏಳು ಅಕ್ಷರ, ಓದಿದರೆ 'ವಾಜೊ'. ಆ ಏಳರಲ್ಲಿ ಒಂದೂ ತನ್ನ ಸ್ವಂತ ದನಿಯಲ್ಲಿ ಮಾತಾಡುವುದಿಲ್ಲ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು 'ಫೌಕಾಲ್ಟ್' ಎಂಬ ಫ್ರೆಂಚ್ ಚಿಂತಕನ ಮೇಲೆ ಒಂದು ಗಂಟೆ ಗಂಭೀರವಾಗಿ ಮಾತಾಡಿದ್ದರು. ಅದು ಫುಕೋ ಎಂದು ತಿಳಿಯುವ ಹೊತ್ತಿಗೆ ನನಗೆ ಪಿಂಚಣಿ ಬರುತ್ತಿತ್ತು. ಹಾಗೆಂದು ಮೇಷ್ಟ್ರು ಹೇಳಿದ್ದು ತಪ್ಪಲ್ಲ, ಹೆಸರು ತಪ್ಪಿತ್ತು ಅಷ್ಟೆ.

ಅವರದೇನು ತಪ್ಪು? ಫ್ರೆಂಚ್ ವಿಚಾರಗಳೆಲ್ಲ ನಮಗೆ ಬಂದದ್ದು ಇಂಗ್ಲಿಷ್ ಎಂಬ ಬೈಪಾಸಿನ ಮೇಲೆ. ಫ್ರೆಂಚ್ ಕವಿ ಬೋದಿಲೇರನನ್ನು ಲಂಕೇಶರು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದರು. ಅಂದಿನ ಹುಡುಗರು ಅದನ್ನು ಓದಿ ಒಂದಷ್ಟು ದಿನ ತಲೆ ಬಾಚುವುದನ್ನೇ ಬಿಟ್ಟಿದ್ದರು. ಸಿಮೊನ್ ದ ಬೊವ 1949ರಲ್ಲಿ ಬರೆದ ಹೆಣ್ಣಿನ ಕುರಿತ ಮಹಾಗ್ರಂಥವನ್ನು ಎಚ್.ಎಸ್. ಶ್ರೀಮತಿಯವರು ಕನ್ನಡಿಸಿದರು. ಆ ಪುಸ್ತಕವನ್ನು 1953ರಲ್ಲಿ ಮೊದಲು ಇಂಗ್ಲಿಷಿಗೆ ತಂದವನು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ. ಹೆಣ್ಣಿನ ಬಗ್ಗೆ ಬರೆದ ಪುಸ್ತಕವಲ್ಲವೇ, ಜೀವಶಾಸ್ತ್ರ ಗೊತ್ತಿದ್ದವನೇ ಸರಿ ಎಂದು ಯಾರಿಗೋ ಅನ್ನಿಸಿತ್ತು. ಆತ ಅಲ್ಲಲ್ಲಿ ಪುಟಗಟ್ಟಲೆ ಕತ್ತರಿಸಿದ. ಪೂರ್ತಿ ಪುಸ್ತಕ ಇಂಗ್ಲಿಷಿಗೆ ಬಂದದ್ದು 2009ರಲ್ಲಿ, ಇಬ್ಬರು ಹೆಂಗಸರ ಕೈಯಿಂದ. ಐವತ್ತಾರು ವರ್ಷ ಇಂಗ್ಲಿಷಿನವರು ಚಂದ್ರನ ಒಂದು ಮಗ್ಗುಲನ್ನೇ ನೋಡಿಕೊಂಡಿದ್ದರು.

ಫ್ರೆಂಚರ ವ್ಯಾಕರಣದಲ್ಲಿ ಇನ್ನೊಂದು ಸೂತ್ರವಿದೆ. ನೂರು ಹೆಂಗಸರು ಬಂದರು ಎಂದರೆ ಸ್ತ್ರೀಲಿಂಗ ಬಹುವಚನ. ಆ ಗುಂಪಿನ ಹಿಂದೆ ಒಬ್ಬ ಗಂಡಸು ಬೀಡಿ ಸೇದುತ್ತಾ ಬಂದು ಸೇರಿದನೋ, ಇಡೀ ಗುಂಪೇ ಪುಲ್ಲಿಂಗ. ಗಂಡು ಹೆಣ್ಣನ್ನು ಗೆಲ್ಲುತ್ತದೆ ಎಂದು ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರಂತೆ. ಭಾಷೆಯ ಕಾವಲಿಗೆಂದೇ 1635ರಲ್ಲಿ ಕಟ್ಟಿದ ಫ್ರೆಂಚ್ ಅಕಾಡೆಮಿಗೆ ಮೊದಲ ಹೆಂಗಸು, ಮಾರ್ಗರೀತ್ ಯುರ್ಸೆನಾರ್, ಆಯ್ಕೆಯಾದದ್ದು 1980ರಲ್ಲಿ. ಹೆಂಗಸರು ಮಾಡುವ ಉದ್ಯೋಗಗಳಿಗೆ ಸ್ತ್ರೀಲಿಂಗದ ಹೆಸರು ಇರಬಹುದು ಎಂದು ಅದು ಒಪ್ಪಿದ್ದು 2019ರಲ್ಲಿ. ನಾವು ಲೇಖಕಿ, ಕವಯಿತ್ರಿ ಎನ್ನುವುದಕ್ಕೆ ಯಾವ ಅಕಾಡೆಮಿಯ ಅಪ್ಪಣೆಗೂ ಕಾಯಲಿಲ್ಲ. ನಮ್ಮ 'ಅವರು' ಎಂಬ ಪದವಂತೂ ಗಂಡು-ಹೆಣ್ಣು ಎಂದು ಕೇಳದೆ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ.

ಇಷ್ಟು ಹೇಳಿ ಫೋನಿನಲ್ಲಿ ಎದೆ ಸೆಟೆಸಿದೆ. "ಮಾವ, ನಮ್ಮಜ್ಜಿ ಬಂದ್ರೆ ಊರಲ್ಲಿ ಏನಂತಾರೆ?" ಎಂದಳು. ಸೆಟೆದ ಎದೆ ಕುಸಿಯಿತು. ನಮ್ಮ ಕಡೆ "ಅಜ್ಜಿ ಬಂತು" ಎನ್ನುತ್ತಾರೆ. ಅಜ್ಜ ಬಂದರೆ "ಅಜ್ಜ ಬಂದ". ಬಸ್ಸೂ ಬಂತು, ಅಜ್ಜಿಯೂ ಬಂತು. ಇದು ಬರೀ ಪ್ರೀತಿಯ ಮಾತು ಎಂದು ತೇಲಿಸೋಣವೆಂದರೆ, ಚಳ್ಳಕೆರೆ, ಮೊಳಕಾಲ್ಮುರು ಅರ್ಧ ತೆಲುಗು ಮಾತಾಡುವ ಸೀಮೆ. ತೆಲುಗಿನಲ್ಲಿ ಇದು ಸೂತ್ರವೇ: ಒಬ್ಬಳೇ ಹೆಂಗಸು ಬಂದರೂ 'ವಚ್ಚಿಂದಿ', ಮೇಕೆ ಬಂದರೂ 'ವಚ್ಚಿಂದಿ'. ಆದರೆ ನಾಲ್ಕು ಜನ ಹೆಂಗಸರು ಒಟ್ಟಾಗಿ ಬಂದರೋ, ಆಗ ಕ್ರಿಯಾಪದ ಎದ್ದು ನಿಂತು ಮನುಷ್ಯರಿಗೆ ಕೊಡುವ ರೂಪ ಕೊಡುತ್ತದೆ. ಒಬ್ಬಳೇ ಇದ್ದರೆ ವಸ್ತು, ಗುಂಪಾದರೆ ಮನುಷ್ಯರು. ಸ್ತ್ರೀಶಕ್ತಿ ಸಂಘಗಳನ್ನು ಕಟ್ಟಿದವರಿಗೆ ಈ ವ್ಯಾಕರಣ ಗೊತ್ತಿತ್ತೋ ಏನೋ.

ನಾನು ಬರೆಯುತ್ತಿರುವ ಈ ಜಾತಿಯ ಬರವಣಿಗೆಯೂ ಫ್ರೆಂಚರ ಮನೆಯ ಸಾಲ. 1580ರಲ್ಲಿ ಮೋಂತೇನ್ ಎಂಬ ಜಮೀನ್ದಾರ ತನ್ನ ಮನೆಯ ಗೋಪುರದಲ್ಲಿ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು 'ಎಸ್ಸೆ' ಎಂದು ಹೆಸರಿಟ್ಟ. ಪ್ರಯತ್ನ, ಒಂದು ಕೈ ನೋಡೋಣ ಎಂದು ಅರ್ಥ. ತನ್ನಷ್ಟು ಮರೆಗುಳಿ ಲೋಕದಲ್ಲಿ ಇನ್ನೊಬ್ಬನಿಲ್ಲ ಎಂದು ಕೊಚ್ಚಿಕೊಂಡವನು ಅವನು. ಅವನು ಸತ್ತ ಮೇಲೆ ಆ ಪುಸ್ತಕವನ್ನು ತಿದ್ದಿ, ಸೇರಿಸಿ, ಜೋಪಾನವಾಗಿ 1595ರಲ್ಲಿ ಮತ್ತೆ ಅಚ್ಚು ಹಾಕಿಸಿದವಳು ಮಾರೀ ದ ಗುರ್ನೇ, ಅವನು ಮಗಳೆಂದು ಕರೆದ ಅಭಿಮಾನಿ. ಹೆಣ್ಣು-ಗಂಡು ಸಮಾನ ಎಂದು ಅವಳು 1622ರಲ್ಲೇ ಒಂದು ಪುಸ್ತಕ ಬರೆದಳು. ಅವಳನ್ನು ಊರೆಲ್ಲ ಗೇಲಿ ಮಾಡಿತು. ಮರೆಗುಳಿ ಗಂಡಸಿನ ಹೆಸರು ಜಗತ್ತಿಗೆಲ್ಲ ನೆನಪಿದೆ. ನೆನಪಿಟ್ಟು ಕಾಪಾಡಿದ ಹೆಂಗಸಿನ ಹೆಸರು ಹೇಳಬೇಕಾದರೆ ನನ್ನಂಥವನು ಅಕ್ಕನ ಮಗಳನ್ನು ಕೇಳಬೇಕು.

ಕನ್ನಡನಾಡಿನ ಬಗ್ಗೆ ಫ್ರೆಂಚಿನಲ್ಲಿ ಬರೆದವರ ಪಟ್ಟಿಯನ್ನು ಅವಳೇ ಕಳಿಸಿದಳು. ಸವದತ್ತಿ ಎಲ್ಲಮ್ಮನ ಮೇಲೆ ಜಾಕಿ ಅಸ್ಸಯಾಗ್ 1992ರಲ್ಲಿ ಬರೆದ ಪುಸ್ತಕದ ಹೆಸರನ್ನು ಕನ್ನಡಕ್ಕೆ ತಂದರೆ 'ತಲೆ ಕಡಿಸಿಕೊಂಡ ದೇವಿಯ ಸಿಟ್ಟು' ಎಂದಾದೀತು. ಹಾವೇರಿ ಕಡೆಯ ವಸುಂಧರಾ ಫಿಲಿಯೋಜಾ ಅವರು 1377ರವರೆಗಿನ ವಿಜಯನಗರ ಶಾಸನಗಳನ್ನು ಕೂಡಿಸಿ 1973ರಲ್ಲಿ ಫ್ರೆಂಚಿನಲ್ಲೇ ಪುಸ್ತಕ ಮಾಡಿದರು. ಎಲ್ಲರಿಗಿಂತ ರಸವತ್ತಾದ ಆಸಾಮಿ ಅಬ್ಬೆ ದುಬ್ವಾ. ಫ್ರೆಂಚ್ ಕ್ರಾಂತಿಯ ಗಲಾಟೆಯ ಕಾಲದಲ್ಲಿ ಇಲ್ಲಿಗೆ ಬಂದು, ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿ, ಪೇಟ ಸುತ್ತಿ, ನಿಲುವಂಗಿ ತೊಟ್ಟು, ನಮ್ಮವರಂತೆ ಉಂಡು, ಸಾವಿರಾರು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ ಪಾದ್ರಿ. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ಮಾಡಿದ. ಹಿಂದೂಗಳ ನಡೆ, ಆಚಾರ, ಹಬ್ಬ-ಹರಿದಿನಗಳ ಮೇಲೆ ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಎರಡು ಸಾವಿರ ವರಾಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ, 1825ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ನಮ್ಮ ಹೆಂಗಸರು ಗಂಡಂದಿರ ಜೊತೆ ಹೇಗೆ ನಡೆದುಕೊಳ್ಳಬೇಕು, ವಿಧವೆಯರ ಪಾಡೇನು ಎಂದೆಲ್ಲ ಅದರಲ್ಲಿದೆ. ಅದೆಲ್ಲ ಸಂಸಾರ ಕಟ್ಟಿಕೊಳ್ಳದ ಪಾದ್ರಿಯ ವಿವರಣೆ. ಎಷ್ಟು ನಂಬಬೇಕೋ ಅಷ್ಟು ನಂಬಿ.

ನೂರೈವತ್ತು ವರ್ಷ ಆ ಪುಸ್ತಕವನ್ನು ಜನ ಕಣ್ಣಿಗೊತ್ತಿಕೊಂಡು ಓದಿದರು. ಆಮೇಲೆ ಸಿಲ್ವಿಯಾ ಮ್ಯೂರ್ ಎಂಬ ವಿದುಷಿ ಹಳೆಯ ಕಾಗದಗಳನ್ನೆಲ್ಲ ಕೆದಕಿ, ಇದರ ದೊಡ್ಡ ಪಾಲು ಅದಕ್ಕೂ ಮುಂಚಿನ ಕ್ಯೂರ್ದೂ ಎಂಬ ಪಾದ್ರಿಯ ಬರಹದಿಂದ ಎತ್ತಿದ್ದು ಎಂದು 1987ರಲ್ಲಿ ಎರಡು ಸಂಪುಟಗಳಲ್ಲಿ ತೋರಿಸಿಕೊಟ್ಟರು. ಇದನ್ನು ಕೇಳಿದಾಗ ನನಗೆ ನಮ್ಮ ಶಾಲೆಯ ಪರೀಕ್ಷಾ ಹಾಲು ನೆನಪಾಯಿತು. ಹಿಂದಿನ ಬೆಂಚಿನ ಹುಡುಗ ಯಾವಾಗಲೂ ಪೂರ್ತಿ ಕಾಪಿ ಹೊಡೆಯುವುದಿಲ್ಲ. ನಡುವೆ ಒಂದೆರಡು ಸ್ವಂತ ತಪ್ಪು ಸೇರಿಸಿ ತನ್ನದಾಗಿಸಿಕೊಳ್ಳುತ್ತಾನೆ.

"ನಿಮ್ಮ ಫ್ರೆಂಚರು ನಮ್ಮ ಸೀಮೆ ಬಗ್ಗೆ ಏನಾದ್ರೂ ಬರೆದಿದಾರಾ?" ಎಂದು ಕೆಣಕಿದೆ. ಬರೆದಿದ್ದಾರೆ. ಝೂಲ್ ಬ್ಲಾಕ್ ಎಂಬ ಭಾಷಾಶಾಸ್ತ್ರಜ್ಞ 1946ರಲ್ಲಿ ನಮ್ಮ ದ್ರಾವಿಡ ಭಾಷೆಗಳ ವ್ಯಾಕರಣ ಬರೆದು, 1950ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಫ್ರೆಂಚಿಗೆ ಅನುವಾದಿಸಿದ. ಅದರಲ್ಲಿ ನಮ್ಮ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಇವೆ. 1892ರಲ್ಲಿ ಲೂಯಿಸ್ ರೈಸ್ ಇವನ್ನು ಪತ್ತೆ ಮಾಡುವುದಕ್ಕೆ ಮುಂಚೆ ಊರಿನವರಿಗೆ ಅದು 'ಅಕ್ಷರಗುಂಡು', ಅಷ್ಟೇ. ಓದಲು ಬಾರದಿದ್ದರೂ ಅದು ಅಕ್ಷರ ಎಂದು ಗೊತ್ತಿತ್ತಲ್ಲ, ಅದೇ ದೊಡ್ಡದು. ಹತ್ತಿರದ ಊರಿನವನಾಗಿ ನಾನು ಅದನ್ನು ನೋಡಿದ್ದು ನಿವೃತ್ತನಾದ ಮೇಲೆ, ಅದೂ ಪ್ಯಾರಿಸ್ಸಿನಿಂದ ಅಪ್ಪಣೆಯಾದ ಮೇಲೆ.

ಆ ಶಾಸನದಲ್ಲಿ ಚಕ್ರವರ್ತಿ ತನ್ನದೇ ಕಥೆ ಹೇಳಿಕೊಳ್ಳುತ್ತಾನೆ: ಎರಡೂವರೆ ವರ್ಷದಿಂದ ಉಪಾಸಕನಾಗಿದ್ದರೂ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಸರ್ಕಾರಿ ಆದೇಶದಲ್ಲಿ ಇಂಥ ತಪ್ಪೊಪ್ಪಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ ಇರಬೇಕು. ನನಗೆ ಅದಕ್ಕಿಂತ ಹಿಡಿಸಿದವನು ಕೊನೆಯಲ್ಲಿ ಸಹಿ ಹಾಕಿದ ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ಪದವೊಂದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಇಷ್ಟು ದೂರದ ಬಿಸಿಲಿನಲ್ಲಿ, ಆ ಲಿಪಿ ಓದುವ ಒಂದು ನರಪಿಳ್ಳೆಯೂ ಇಲ್ಲದ ಕಡೆ, ಅವನಿಗೆ ತನ್ನೂರು ನೆನಪಾಯಿತೋ, ಇಲ್ಲವೇ ನನಗೆ ಇದೂ ಬರುತ್ತದೆ ಎಂಬ ಗತ್ತೋ. ಅಕ್ಕನ ಮಗಳು ಪ್ಯಾರಿಸ್ಸಿನ ಬಾಡಿಗೆ ಕೋಣೆಯ ಬಾಗಿಲ ಮೇಲೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದ ಫೋಟೋ ಕಳಿಸಿದ್ದಳು. ಅಂಚೆಯವನಿಗೆ ಏನೂ ಉಪಯೋಗವಿಲ್ಲ.

ಹಾಡಿಗೆ ಬರೋಣ.

ಫ್ರೆಂಚಿನ 'ಜಾನ್ರ್' ಎಂಬ ಪದಕ್ಕೆ ಲಿಂಗ ಎಂದೂ ಅರ್ಥ, ಸಾಹಿತ್ಯ ಪ್ರಕಾರ ಎಂದೂ ಅರ್ಥ. ಅವಳ ಪ್ರಬಂಧವೆಲ್ಲ ಇದೇ ಒಂದು ಪದದ ಸುತ್ತ ಸುತ್ತುತ್ತದೆಯಂತೆ. ಮೊದಲು ಇದು ಬರೀ ಪದಗಳ ಚಮತ್ಕಾರ ಎಂದುಕೊಂಡೆ. ಆಮೇಲೆ ನಮ್ಮ ಕಪಾಟು ನೋಡಿದೆ. ಗಂಡಸರು ಬರೆದದ್ದು ಕಾವ್ಯ. ಹೆಂಗಸರು ಹಾಡಿದ್ದು ಜಾನಪದ. ಅವರು ಕವಿಗಳು, ಇವರು 'ವಕ್ತೃಗಳು', ಮಾಹಿತಿದಾರರು. ನಮ್ಮದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಇರಲಿಲ್ಲ. ಜುಂಜಪ್ಪ, ಎತ್ತಪ್ಪ, ಮದುವೆ ಸೋಬಾನೆ, ಎಲ್ಲ ಸೇರಿ ಸಾವಿರಾರು ಸಾಲು ನಾಲಗೆಯ ಮೇಲಿತ್ತು. ಕೃಷ್ಣಮೂರ್ತಿ ಹನೂರರು ಎದುರಿಗೆ ಕೂತು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಹನೂರರಂಥವರು ಇದ್ದದ್ದು ನಮ್ಮ ಪುಣ್ಯ. ಆದರೆ ಎಷ್ಟು ಹಟ್ಟಿಗಳ ಎಷ್ಟು ಅಜ್ಜಿಯರ ಲಾ ಮೆಮ್ವಾರ್, ಯಾರ್ಯಾರ ಲೆ ಮೆಮ್ವಾರ್ ಆಗಿ, ಪಿಎಚ್.ಡಿ. ಆಗಿ, ಬಡ್ತಿ ಆಗಿ, ಬೆಂಗಳೂರಿನಲ್ಲಿ ಸೈಟೂ ಆಯಿತು ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ. ಅಜ್ಜಿಯರಿಗೆ ಕೊನೆಯ ಪುಟದಲ್ಲಿ ಕೃತಜ್ಞತೆ, ಜೊತೆಗೆ ಒಂದು ಕವಳೆ ಎಲೆ, ಅಡಿಕೆ.

ಇಲ್ಲಿ 'ನಮ್ಮ ಅಜ್ಜಿಯರಿಗೆ ಇದೆಲ್ಲ ಆಗಲೇ ಗೊತ್ತಿತ್ತು' ಎಂದು ಹೇಳುವ ಚಟಕ್ಕೆ ನಾನು ಬೀಳುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರಾಗಿ ಬೀಸುತ್ತಾ ಹುಟ್ಟಿದ ಹಾಡುಗಳು ಚೆನ್ನ, ನಿಜ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಬೀಸುಕಲ್ಲು ನೆನೆದು ಅತ್ತ ಹೆಂಗಸನ್ನು ನಾನಂತೂ ಕಾಣೆ. ಮುಟ್ಟಾದಾಗ, ಹೆತ್ತಾಗ ಹಟ್ಟಿಯಾಚೆಯ ಗುಡಿಸಲಲ್ಲಿ ಮಳೆ ಚಳಿ ಎನ್ನದೆ ಇರಬೇಕಾದ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಅವರಿಗೆಂದು ಸರ್ಕಾರ ಕೃಷ್ಣ ಕುಟೀರ ಎಂಬ ಚೆಂದದ ಹೆಸರಿನ ಕಟ್ಟಡಗಳನ್ನು ಕಟ್ಟಿಸಿತು. ಹೊರಗಿಡುವುದನ್ನು ಬಿಡಿಸುವ ಬದಲು ಹೊರಗೆ ಇರುವುದಕ್ಕೆ ಆರ್‌ಸಿಸಿ ಹಾಕಿಸಿದ ಹಾಗಾಯಿತು. ಹಾಡನ್ನು ಮಾತ್ರ ಎತ್ತಿಕೊಂಡು ಗುಡಿಸಲನ್ನು ಬಿಟ್ಟು ಬಂದರೆ ಸಂಶೋಧನೆ ಸಲೀಸು.

ನಮ್ಮವ್ವನಿಗೆ ಎಂಬತ್ತು ದಾಟಿದೆ. ಹುಡುಗಿಯಾಗಿದ್ದಾಗ ಉಳ್ಳಾರ್ತಿ ಕಾವಲಿನಲ್ಲಿ ದನ ಕಾದವಳು. ಕಾವಲು ಎಂದರೆ ಹೊರಗಿನವರಿಗೆ ಪಾಳು ಬಯಲು. ನಮಗೆ ಅದು ಹುಲ್ಲು, ನೀರು, ಸೌದೆ, ಹಂಚಿಕಡ್ಡಿ ಪೊರಕೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತಲ್ಲ, ಆ ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಇದೂ ಒಂದು. ಆ ಎತ್ತುಗಳು ಫಿರಂಗಿ ಎಳೆದವು. ಟಿಪ್ಪುವಿನ ದಂಡಿನಲ್ಲಿ ಫ್ರೆಂಚ್ ದಳದವರೂ ಇದ್ದರು. ಫ್ರಾನ್ಸಿಗೂ ಉಳ್ಳಾರ್ತಿಗೂ ಹಳೆಯ ನಂಟು ಅಂದರೆ ಇಷ್ಟೇ, ಅದೂ ಎತ್ತಿನ ಕಡೆಯಿಂದ.

ಫೋನನ್ನು ಅವ್ವನ ಮುಂದಿಟ್ಟು ಹಾಡಮ್ಮ ಎಂದೆ. ಗಂಟಲು ಸರಿಮಾಡಿಕೊಂಡು ನಾಯಕನಹಟ್ಟಿ ತಿಪ್ಪೇಸ್ವಾಮಿಯ ಭಜನೆ ಹೇಳಿತು. ಇದಲ್ಲ, ದನದ ಹಾಡು ಎಂದೆ. "ಅದು ಕೂತ್ಕೊಂಡು ಬರಲ್ಲ ಕಣಪ್ಪ. ನಡೆಯೋ ಹಾಡು ಅದು."

ಇದನ್ನು ವರದಿ ಮಾಡಿದ್ದೇ ತಡ, ಪ್ಯಾರಿಸ್ಸಿನಲ್ಲಿ ಕುಣಿದಾಡಿದಳು. ಆಲ್ಬ್ವಾಕ್ಸ್ ಎಂಬ ಸಮಾಜಶಾಸ್ತ್ರಿಯ ಕಥೆ ಶುರುವಾಯಿತು. ನೆನಪು ಒಬ್ಬರ ತಲೆಯೊಳಗಿನ ಪೆಟ್ಟಿಗೆಯಲ್ಲ, ಸುತ್ತಲಿನ ಜನ ಮತ್ತು ಜಾಗ ಹಿಡಿದು ನಿಲ್ಲಿಸಿದ ಚಪ್ಪರ ಎಂದು ಅವನ ವಾದ. 1925ರ ಅವನ ಪುಸ್ತಕದ ಮುನ್ನುಡಿಯಲ್ಲೇ ಒಂದು ಹುಡುಗಿ ಬರುತ್ತಾಳೆ. 1731ರಲ್ಲಿ ಶಾಲೋನ್ ಊರಿನ ಹತ್ತಿರ ಕಾಡಿನಲ್ಲಿ ಸಿಕ್ಕ ಒಂಬತ್ತು ಹತ್ತು ವರ್ಷದವಳು. ಎಲ್ಲಿಂದ ಬಂದೆ ಎಂದರೆ ಅವಳಿಗೆ ಏನೂ ನೆನಪಿಲ್ಲ. ಅವಳ ಸೀಮೆಯದಿರಬಹುದಾದ ಗುಡಿಸಲು, ದೋಣಿಗಳ ಚಿತ್ರ ತೋರಿಸಿದ ಮೇಲೆಯೇ ಅವಳು ಗುರುತು ಹಿಡಿದದ್ದು. ಇದನ್ನೆಲ್ಲ ಬರೆದ ಆಲ್ಬ್ವಾಕ್ಸ್ 1945ರಲ್ಲಿ ಬುಖೆನ್ವಾಲ್ಡಿನ ನಾತ್ಸಿ ಶಿಬಿರದಲ್ಲಿ ಸತ್ತ. ಸಾಮೂಹಿಕ ನೆನಪಿನ ಮೇಲಿನ ಅವನ ಇನ್ನೊಂದು ಪುಸ್ತಕ ಅಚ್ಚಾದದ್ದು ಆಮೇಲೆ, 1950ರಲ್ಲಿ.

"ಅಜ್ಜಿಗೆ ಕಾವಲಿನ ಚಿತ್ರ ತೋರಿಸು ಮಾವ." ತಮ್ಮನ ಮಗ ಫೋನಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ತೆರೆದು ಹಿಡಿದ. ಅವ್ವ ಕನ್ನಡಕ ಹಾಕಿ ನೋಡಿತು, ತೆಗೆದು ನೋಡಿತು. "ಮೇಲಿಂದ ತೋರಿಸಿದ್ರೆ ನಂಗೇನ್ ಗೊತ್ತಾಗ್ತೈತೆ, ನಾನೇನು ಹದ್ದಾ?"

ಕೊನೆಗೆ ಒಂದು ಭಾನುವಾರ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. 2009ರಿಂದೀಚೆಗೆ ಉಳ್ಳಾರ್ತಿ, ಖುದಾಪುರ, ವರವು ಈ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ವಿಜ್ಞಾನ, ರಕ್ಷಣೆ ಎಂದು ಬೇರೆ ಬೇರೆ ಕೆಲಸಗಳಿಗೆ ಹೋಗಿದೆ. ಉಳ್ಳಾರ್ತಿಯಲ್ಲೇ 1,810 ಎಕರೆ. ಊರೂರಿನವರು ಮನವಿ ಕೊಟ್ಟರು, ಚೆನ್ನೈನ ಹಸಿರು ನ್ಯಾಯಮಂಡಳಿಯಲ್ಲಿ 2013ರಿಂದ ಕೇಸು ನಡೆಯಿತು. ಫ್ರೆಂಚಿನಲ್ಲಾದರೆ ಆ ಮನವಿಗಳೂ ಲೆ ಮೆಮ್ವಾರ್. ಅವುಗಳಲ್ಲಿ ಕುರಿ ಎಷ್ಟು, ದನ ಎಷ್ಟು, ಎಕರೆ ಎಷ್ಟು ಎಂದು ತುಂಬಬಹುದು. ಹಾಡು ಎಷ್ಟು ಎಂಬುದಕ್ಕೆ ಕಾಲಂ ಇಲ್ಲ. ಪಿಯೇರ್ ನೋರಾ ಎಂಬ ಚರಿತ್ರಕಾರ 1984ರಿಂದ 1992ರವರೆಗೆ ಏಳು ಸಂಪುಟಗಳಲ್ಲಿ ಫ್ರಾನ್ಸಿನ ನೆನಪಿನ ತಾಣಗಳನ್ನು ಪಟ್ಟಿ ಮಾಡಿಸಿದ: ಐಫೆಲ್ ಗೋಪುರದಿಂದ ಸೈಕಲ್ ರೇಸಿನವರೆಗೆ. ನೆನಪು ತಾನೇ ತಾನಾಗಿ ಬದುಕುವ ಪರಿಸರ ಹೋದ ಮೇಲೆಯೇ ಇಂಥ ತಾಣಗಳು ಬೇಕಾಗುವುದು ಎಂದು ಅವನ ಗೊಣಗಾಟ. ನಮ್ಮ ತಾಲ್ಲೂಕಿಗೂ ಒಂದು ಸಂಪುಟ ಮಾಡಿಸಿದರೆ ಗೌರಸಮುದ್ರದ ಮಾರಮ್ಮನ ಜಾತ್ರೆ ಬರುತ್ತದೆ, ತಳುಕಿನ ವೆಂಕಣ್ಣಯ್ಯನವರು ಬರುತ್ತಾರೆ, ಎಣ್ಣೆ ಮಿಲ್ಲುಗಳು ಬರುತ್ತವೆ. ಹಂಚಿಕಡ್ಡಿ ಪೊರಕೆಯನ್ನು ಯಾವ ಸಂಪಾದಕನೂ ಸೇರಿಸಲಾರ.

ಒಂದು ಕಡೆ "ಇಲ್ಲಿ ನಿಲ್ಸು" ಎಂದಿತು ಅವ್ವ. ನನಗೆ ಅಲ್ಲಿ ಜಾಲಿ ಮುಳ್ಳು ಬಿಟ್ಟು ಏನೂ ಕಾಣಲಿಲ್ಲ. ಕೋಲು ಊರಿ ಇಳಿದು ನಾಲ್ಕು ಹೆಜ್ಜೆ ನಡೆಯಿತು. ಒಂದು ಬನ್ನಿಮರ ಮುಟ್ಟಿತು. ಆಮೇಲೆ, ಯಾರೋ ಸ್ವಿಚ್ಚು ಹಾಕಿದಂತೆ, ಹಾಡು ಶುರು. ನನಗೆ ಆಗ ಅರ್ಥವಾಯಿತು: ಆ ಹಾಡಿನ ಒಂದೊಂದು ಸೊಲ್ಲೂ ಒಂದೊಂದು ಜಾಗದಲ್ಲಿ ನಿಂತಿದೆ. ಬನ್ನಿಮರದ ಹತ್ತಿರ ಕಂದು ಹಸುವಿನ ಸೊಲ್ಲು. ಜೋಡಿಗುಂಡಿನ ಹತ್ತಿರ ಕಳ್ಳ ದನದ ಸೊಲ್ಲು. ಹಳ್ಳ ಇಳಿಯುವಾಗ ರಾಗ ಇಳಿಯುತ್ತದೆ, ಹತ್ತುವಾಗ ಉಸಿರು ಕಟ್ಟಿ ಏರುತ್ತದೆ. ತಮ್ಮನ ಮಗ ಫೋನು ಹಿಡಿದು ಹಿಂದೆ ಹಿಂದೆ. ನಡುವೆ ಒಂದು ಲಾರಿ ಹಾರನ್ನೂ ರೆಕಾರ್ಡಾಗಿದೆ. ಅವ್ವ ಮೂರು ಜಾಗ ದಾಟಿ, ನಾಲ್ಕನೆಯದಕ್ಕೆ ತಿರುಗಿ, ನಿಂತಿತು. ಎದುರಿಗೆ ಕಾಂಪೌಂಡು ಗೋಡೆ. ಯಾವ ಗೋಡೆ, ಯಾರದು ಎಂದು ಅದು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಇನ್ನ ಐತಲ್ಲಮ್ಮ?"

"ಐತೆ. ಗೋಕಟ್ಟೆ ತನಕ ಐತೆ. ಅದು ಆಕಡೆಗಾತು."

ಇಲ್ಲೇ ನಿಂತು ಹೇಳಬಾರದೇ ಎಂದೆ. ಅವ್ವ ಬಾಯಿ ತೆರೆದು ಪ್ರಯತ್ನಪಟ್ಟಿತು. ಮೊದಲ ಪದ ಬಂತು, ಎರಡನೆಯದು ಬರಲಿಲ್ಲ. ಕೈಯಲ್ಲಿ ಗೋಡೆಯಾಚೆ ತೋರಿಸಿ, "ನೀರು ಕಂಡ್ರೆ ಬರ್ತಿತ್ತೇನೋ" ಎಂದು ಹೇಳಿ ಕಾರು ಹತ್ತಿತು. ಬರುವಾಗ ಚಳ್ಳಕೆರೆಯಲ್ಲಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕೊಡಿಸಿದೆವು. ಪ್ರೂಸ್ತ್ ಎಂಬ ಫ್ರೆಂಚ್ ಕಾದಂಬರಿಕಾರನಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂಥ ತಿಂಡಿಯಿಂದ ಇಡೀ ಬಾಲ್ಯ ಎದ್ದು ಬಂತಂತಲ್ಲ, ಬಜ್ಜಿಯಿಂದಾದರೂ ಉಳಿದ ಸೊಲ್ಲು ಬಂದೀತೇನೋ ಎಂಬ ಆಸೆ. ಬಂದದ್ದು ಎದೆಯುರಿ.

ರೆಕಾರ್ಡು ಕಳಿಸಿದೆ. "ಅರ್ಧವೇ ಇದೆಯಲ್ಲ ಮಾವ" ಎಂದಳು. ಗೋಡೆಯ ಕಥೆ ಹೇಳಿದೆ. ಅಷ್ಟು ಹೊತ್ತು ಸುಮ್ಮನಿದ್ದು, "ಇಲ್ಲಿ ಗೋಡೆ ಪುಲ್ಲಿಂಗ, ಬೇಲಿ ಸ್ತ್ರೀಲಿಂಗ" ಎಂದಳು. ಬೇಲಿಯಾಗಿದ್ದರೆ ಅವ್ವ ಹೇಗಾದರೂ ನುಸುಳುತ್ತಿತ್ತು. ಪ್ರಬಂಧದಲ್ಲಿ ಆ ಹಾಡಿನ ಮುಂದೆ ಅರ್ಧ ಪುಟ ಖಾಲಿ ಬಿಟ್ಟು, ಯಾಕೆ ಖಾಲಿ ಎಂದು ಒಂದು ಅಡಿಟಿಪ್ಪಣಿ ಹಾಕಿದಳಂತೆ. ಹಾಡಿದವರು ಎಂದು ಅಜ್ಜಿಯ ಹೆಸರನ್ನು ಮೊದಲ ಪುಟದಲ್ಲೇ, ಫ್ರೆಂಚಿನ ನಡುವೆ ಕನ್ನಡ ಲಿಪಿಯಲ್ಲಿ ಬರೆದಳಂತೆ. ಚಪಡನ ಬುದ್ಧಿ.

ಹೋದ ತಿಂಗಳು ಫಲಿತಾಂಶ ಬಂತು. ಅವ್ವ ಅಂಗಳ ಗುಡಿಸುತ್ತಿತ್ತು, ಅಂಗಡಿಯ ಪ್ಲಾಸ್ಟಿಕ್ ಪೊರಕೆಗೆ ಬಯ್ಯುತ್ತಾ. ಮೊಮ್ಮಗಳು ಪಾಸಾದಳು ಎಂದೆ.

"ಎಷ್ಟಕ್ಕೆ ಎಷ್ಟು?"

"ಇಪ್ಪತ್ತಕ್ಕೆ ಹದಿನಾರು."

"ಮಿಕ್ಕಿದ್ ನಾಕು ಎಲ್ಲಿಗ್ ಹೋದ್ವು?"

ಅಲ್ಲಿ ಹದಿನಾರು ಎಂದರೆ ಬಹಳ ಹೆಚ್ಚು, ಇಪ್ಪತ್ತು ಸಾಮಾನ್ಯವಾಗಿ ಯಾರಿಗೂ ಕೊಡುವುದಿಲ್ಲ ಎಂದು ವಿವರಿಸಿದೆ. ಅವ್ವ ನಂಬಲಿಲ್ಲ. ಪೊರಕೆ ಗೋಡೆಗೊರಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, "ಮಳೆ ಬರ್ಲಿ ತಡಿ, ಆ ಹಳ್ಳದ ಕಡೆಯಿಂದ ಒಂದ್ ದಾರಿ ಇತ್ತು" ಎಂದಿತು.